ತಪ್ಪಿಲ್ಲ, ಆದರೂ ಸರಿಯಿಲ್ಲ: ಭಾಷೆ ‘ಸಹಜವಾಗಿ ಬರೋದು’ ಅಂದರೆ ಏನು?

ಕಳೆದ ಜನವರಿಯಲ್ಲಿ ಮೂಡಿಗೆರೆ ಹತ್ತಿರ ಇರುವ ಚಿಕ್ಕಪ್ಪನ ತೋಟಕ್ಕೆ ಹೋಗಿದ್ದೆ. ಕಾಫಿ ಕುಯ್ಲಿನ ಕಾಲ. ಕಣದ ತುಂಬ ಹಣ್ಣು ಹರಡಿತ್ತು. ನಮ್ಮ ಭಾವ, ಅಂದರೆ ಚಿಕ್ಕಪ್ಪನ ದೊಡ್ಡ ಮಗಳ ಗಂಡ, ಅವರೂ ಬಂದಿದ್ದರು. ಭೋಪಾಲ್ ಕಡೆಯವರು, ಬೆಂಗಳೂರಲ್ಲಿ ಕೆಲಸ. ಒಂದು ವರ್ಷದಿಂದ ಪುಸ್ತಕ, ಮೊಬೈಲ್ ಆ್ಯಪ್ ಎಲ್ಲ ಇಟ್ಟುಕೊಂಡು ಶ್ರದ್ಧೆಯಿಂದ ಕನ್ನಡ ಕಲಿಯುತ್ತಿದ್ದಾರೆ. ಮಧ್ಯಾಹ್ನ ಅಡುಗೆಮನೆ ಬಾಗಿಲಲ್ಲಿ ನಿಂತು ಚಿಕ್ಕಮ್ಮನಿಗೆ ಹೇಳಿದರು: “ನಾನು ಈಗ ಊಟವನ್ನು ತಿನ್ನಲು ಬಯಸುತ್ತೇನೆ.” ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿಬಿಟ್ಟರು.

ಅದೇ ಹೊತ್ತಿಗೆ ಕಣದ ಕಡೆಯಿಂದ ಅಸ್ಸಾಂ ಹುಡುಗ ಓಡಿ ಬಂದ. ಅವನು ಕೆಲಸಕ್ಕೆ ಬರುತ್ತಿರುವುದು ಇದು ಮೂರನೇ ವರ್ಷ. “ಅಮ್ಮಾ, ಮಳೆ ಬರೋ ಹಂಗಿದೆ ಕಣಮ್ಮ, ಹೆಂಗಸ್ರೆಲ್ಲ ಹೋಯ್ತು, ನಾನೇ ಕಾಫಿ ಗುಡ್ಡೆ ಮಾಡ್ಬಿಡ್ಲಾ?”

ಈಗ ಎರಡೂ ಮಾತನ್ನು ಪಕ್ಕಪಕ್ಕ ಇಟ್ಟು ನೋಡಿ. ಭಾವನ ವಾಕ್ಯದಲ್ಲಿ ವ್ಯಾಕರಣದ ಮೇಷ್ಟ್ರು ಕೆಂಪು ಗೆರೆ ಎಳೆಯುವ ಜಾಗವೇ ಇಲ್ಲ. ಹುಡುಗನ ಮಾತಿನಲ್ಲಿ ಇದೆ, ಹೆಂಗಸರು ‘ಹೋದರು’ ಆಗಬೇಕಿತ್ತು. (ಅಸ್ಸಾಮಿಯಲ್ಲಾಗಲಿ ಬಂಗಾಳಿಯಲ್ಲಾಗಲಿ ಕ್ರಿಯಾಪದಕ್ಕೆ ಗಂಡು, ಹೆಣ್ಣು ಅಂತ ಬೇರೆ ಬೇರೆ ಬಾಲ ಇಲ್ಲ, ಪಾಪ ಅವನೇನು ಮಾಡಿಯಾನು.) ಆದರೆ ಇಬ್ಬರಲ್ಲಿ ಕನ್ನಡ ಯಾರಿಗೆ ಚೆನ್ನಾಗಿ ಬರುತ್ತೆ ಅಂತ ಆ ಮನೆಯಲ್ಲಿ ಯಾರನ್ನು ಕೇಳಿದರೂ ಹುಡುಗನ ಕಡೆಗೇ ಬೆರಳು ತೋರಿಸುತ್ತಾರೆ. ತಪ್ಪಿಲ್ಲದ ವಾಕ್ಯಕ್ಕೆ ನಗು ಬಂತು. ತಪ್ಪಿರುವ ವಾಕ್ಯಕ್ಕೆ “ಹ್ಞೂಂ, ಮಾಡಪ್ಪ” ಅನ್ನುವ ಉತ್ತರ ಬಂತು.

ಇದು ಈಗ ಬರೀ ತಮಾಷೆಯ ವಿಷಯವಾಗಿ ಉಳಿದಿಲ್ಲ. ಹೊರಗಿನಿಂದ ಬಂದವರು ಕನ್ನಡ ಕಲಿಯುತ್ತಿದ್ದಾರೆ. ಬ್ಯಾಂಕಿಗೆ ಫೋನ್ ಮಾಡಿದರೆ ಯಂತ್ರದ ದನಿ ಕನ್ನಡ ಮಾತಾಡುತ್ತೆ. ಮೊಬೈಲು ಇಂಗ್ಲಿಷನ್ನು ಕ್ಷಣದಲ್ಲಿ ಕನ್ನಡ ಮಾಡಿ ಕೊಡುತ್ತೆ, ಓದಿದರೆ ಪ್ರತಿ ಪದವೂ ಕನ್ನಡವೇ, ಒಟ್ಟಿನಲ್ಲಿ ಮಾತ್ರ ಏನೋ ಸರಿಯಿಲ್ಲ. ಆ ‘ಏನೋ’ ಏನು ಅನ್ನುವುದೇ ಇವತ್ತಿನ ವಿಷಯ.

## ವ್ಯಾಕರಣ ಒಂದು, ಹದ ಇನ್ನೊಂದು

ವ್ಯಾಕರಣ ಒಂದು ಭಾಷೆಯಲ್ಲಿ ಏನೇನು ಹೇಳಬಹುದು ಅಂತ ತಿಳಿಸುತ್ತೆ. ಆದರೆ ಹೇಳಬಹುದಾದ ಸಾವಿರ ವಾಕ್ಯಗಳಲ್ಲಿ ಜನ ನಿಜವಾಗಿ ಬಾಯಿಬಿಟ್ಟು ಹೇಳುವುದು ಯಾವ ನಾಲ್ಕೈದು ಅನ್ನುವುದು ವ್ಯಾಕರಣದ ಪುಸ್ತಕದಲ್ಲಿ ಇರುವುದಿಲ್ಲ.

1983ರಲ್ಲಿ ಆಂಡ್ರ್ಯೂ ಪಾಲಿ ಮತ್ತು ಫ್ರಾನ್ಸಿಸ್ ಸೈಡರ್ ಅನ್ನುವ ಇಬ್ಬರು ಭಾಷಾಶಾಸ್ತ್ರಜ್ಞರು ಇದನ್ನೇ ಒಂದು ಒಗಟಿನಂತೆ ಮುಂದಿಟ್ಟರು. ಮದುವೆ ಆಗುತ್ತೀಯಾ ಅಂತ ಕೇಳುವುದಕ್ಕೆ ಇಂಗ್ಲಿಷಿನಲ್ಲಿ ವ್ಯಾಕರಣ ಒಪ್ಪುವ ದಾರಿಗಳು ಎಷ್ಟೋ ಇವೆ, ಆದರೆ ಅದೇ ಭಾಷೆಯಲ್ಲಿ ಬೆಳೆದವರು ಬಳಸುವುದು ಒಂದೋ ಎರಡೋ. ಉಳಿದವನ್ನು ಹೇಳಿದರೆ ಅರ್ಥವಾಗುತ್ತೆ, ಹುಡುಗಿ ಮಾತ್ರ ಎದ್ದು ಹೋಗುತ್ತಾಳೆ. ಕನ್ನಡದಲ್ಲೂ ಅಷ್ಟೆ. “ನನ್ನ ಮದುವೆ ಆಗ್ತೀಯಾ?” ಅನ್ನುವುದು ಮಾತು. “ನಿನ್ನೊಂದಿಗಿನ ವಿವಾಹವು ನನ್ನ ಬಯಕೆಯಾಗಿದೆ” ಅನ್ನುವುದರಲ್ಲಿ ವಿಭಕ್ತಿ, ಕ್ರಿಯಾಪದ ಎಲ್ಲ ಸರಿಯಾಗಿದೆ, ಹೇಳಿದವನು ಯಾವ ಲೋಕದವನು ಅನ್ನುವುದೇ ಅನುಮಾನ. ಸಾವಿರದಲ್ಲಿ ಆ ಒಂದನ್ನು ಆರಿಸುವುದು ಹೇಗೆ, ಅದೂ ಯೋಚನೆ ಮಾಡದೆ, ಮಾತಾಡುವ ವೇಗದಲ್ಲಿ? ಇದು ಅವರು ಎತ್ತಿದ ಪ್ರಶ್ನೆ. ಅವರ ಉತ್ತರ ಸುಮಾರಾಗಿ ಹೀಗೆ: ನಾವು ಒಂದೊಂದೇ ಪದ ಪೋಣಿಸಿ ವಾಕ್ಯ ಕಟ್ಟುವುದಕ್ಕಿಂತ ಜಾಸ್ತಿ, ಮೊದಲೇ ಕಟ್ಟಿಟ್ಟ ಮಾತಿನ ತುಂಡುಗಳನ್ನು ಎತ್ತಿ ಎತ್ತಿ ಜೋಡಿಸುತ್ತೇವೆ.

ನಮ್ಮಲ್ಲಿ ಇದಕ್ಕೆ ಒಳ್ಳೆಯ ಪದ ಇದೆ, ಹದ. ಮುದ್ದೆ ಮಾಡುವುದನ್ನು ನೆನಪಿಸಿಕೊಳ್ಳಿ. ರಾಗಿ ಹಿಟ್ಟಿನ ಅಳತೆ, ನೀರಿನ ಅಳತೆ ಬರೆದುಕೊಂಡು ಹೋದವನಿಗೂ ಮೊದಲ ದಿನ ಗಂಟು ಗಂಟಾಗುತ್ತೆ. ಹಾಸನದ ಅಜ್ಜಿ ಅಳತೆಯನ್ನೇ ನೋಡುವುದಿಲ್ಲ, ಕೋಲು ತಿರುಗುವಾಗ ಕೈಗೆ ಸಿಗುವ ಬಿಗಿಯಲ್ಲೇ ಗೊತ್ತಾಗುತ್ತೆ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಕನ್ನಡ ನಾಡಿನ ಜನರ ಬಗ್ಗೆ ‘ಪದನರಿದು ನುಡಿಯಲುಂ’ ಬಲ್ಲವರು ಅನ್ನುವ ಮಾತಿದೆ, ನಿಮಗೆ ನೆನಪಿರಬಹುದು. ಆ ಪದನ್ ಅನ್ನುವುದೇ ಇವತ್ತಿನ ಹದ. ಹಳಗನ್ನಡದ ಪ ಮುಂದೆ ಹ ಆಯಿತು: ಪಾಲು ಹಾಲಾಯಿತು, ಪೂ ಹೂವಾಯಿತು, ಪದ ಹದವಾಯಿತು. (ನಮ್ಮ ಹಾಸನದ ಹಳ್ಳಿಗಳ ಕಡೆ ಆ ಹ ಕೂಡ ಬಿದ್ದು ಆಲು ಆಗಿದೆ, ಊರೇ ‘ಆಸನ’ ಆಗಿದೆ, ಇರಲಿ.) ಹದ ಅರಿತು ಮಾತಾಡುವುದು. ಸಹಜ ಭಾಷೆಗೆ ಇದಕ್ಕಿಂತ ಸುಲಭದ ವಿವರಣೆ ನನಗಂತೂ ಸಿಕ್ಕಿಲ್ಲ.

## ಯಾವ ಪದ ಯಾರ ಜೊತೆ ಓಡಾಡುತ್ತೆ

ಹದದ ಮೊದಲ ಗುಟ್ಟು ಪದಗಳ ಸ್ನೇಹ. ಇಂಗ್ಲೆಂಡಿನ ಭಾಷಾಶಾಸ್ತ್ರಜ್ಞ ಜೆ. ಆರ್. ಫರ್ತ್ 1957ರಲ್ಲಿ ಹೇಳಿದ ಒಂದು ಮಾತು ತುಂಬ ಹೆಸರುವಾಸಿ. ಪದ ಎಂಥದ್ದು ಅಂತ ತಿಳಿಯಬೇಕಾದರೆ ಅದರ ಜೊತೆ ಯಾರು ಯಾರು ಇರುತ್ತಾರೆ ನೋಡಿ ಅನ್ನುವುದು ಅದರ ತಾತ್ಪರ್ಯ. ಊರಲ್ಲಿ ಹುಡುಗನ ಬಗ್ಗೆ ವಿಚಾರಿಸುವಾಗ ನಾವು ಮಾಡುವುದೂ ಅದನ್ನೇ ಅಲ್ವಾ?

ಇಂಗ್ಲಿಷಿನ ‘ವೇರ್’ ತೆಗೆದುಕೊಳ್ಳಿ. ಬಟ್ಟೆಗೂ ಅದೇ, ಬಳೆಗೂ ಅದೇ, ಹೂವಿಗೂ ಅದೇ, ಚಪ್ಪಲಿಗೂ ಅದೇ. ಕನ್ನಡದಲ್ಲಿ ಸೀರೆ, ಪಂಚೆ ಉಡುತ್ತೇವೆ. ಅಂಗಿ, ಬಳೆ ತೊಡುತ್ತೇವೆ. ಹೂ ಮುಡಿಯುತ್ತೇವೆ. ಕುಂಕುಮ ಇಟ್ಟುಕೊಳ್ಳುತ್ತೇವೆ. ಪೇಟ ಸುತ್ತುತ್ತೇವೆ. ಚಪ್ಪಲಿ ಮೆಟ್ಟುತ್ತೇವೆ. ಚಳಿಗೆ ಕಂಬಳಿ ಹೊದೆಯುತ್ತೇವೆ, ಅದೇ ಕಂಬಳಿಯನ್ನು ಮಳೆಗೆ ಕೊಪ್ಪೆ ಮಾಡಿ ಹಾಕಿಕೊಳ್ಳುತ್ತೇವೆ. ಇದೇನು ಸುಮ್ನೆ ಕಷ್ಟ ಕೊಡುವುದಕ್ಕೆ ಮಾಡಿದ ಪಟ್ಟಿಯಲ್ಲ. ಒಂದೊಂದು ಕ್ರಿಯಾಪದವೂ ಮೈ ಏನು ಮಾಡುತ್ತೆ ಅಂತ ಹೇಳುತ್ತೆ. ಸೊಂಟಕ್ಕೆ ಸುತ್ತಿ ಬಿಗಿಯುವುದು ಉಡುವುದು. ಕೈಯನ್ನೋ ತೋಳನ್ನೋ ಒಳಗೆ ತೂರಿಸುವುದು ತೊಡುವುದು. ಮುಡಿಗೆ ಏರಿಸುವುದು ಮುಡಿಯುವುದು. ಈಗಿನ ಹುಡುಗಿಯರು ‘ಸೀರೆ ಹಾಕ್ಕೊಂಡೆ’ ಅನ್ನುವುದು ಕಿವಿಗೆ ಬೀಳುತ್ತಲೇ ಇರುತ್ತೆ. ನಮ್ಮ ಚಿಕ್ಕಮ್ಮನ ಮುಂದೆ ಹಾಗೆ ಹೇಳಿದರೆ, “ಹಾಕ್ಕೊಳ್ಳೋಕೆ ಅದೇನು ಚಪ್ಪಲೀನಾ?”

ಬಾಯಿಗೆ ಹೋಗುವ ವಿಷಯದಲ್ಲೂ ಹೀಗೇ. ಊಟ ಮಾಡುವುದು, ತಿಂಡಿ ತಿನ್ನುವುದು, ಗಂಜಿ ಕುಡಿಯುವುದು, ಮುದ್ದೆ ನುಂಗುವುದು, ಎಲೆ ಅಡಿಕೆ ಹಾಕುವುದು, ಬೀಡಿ ಸೇದುವುದು. ಸೇದುವ ಪದ ಬಾವಿಯಿಂದ ನೀರು ಮೇಲೆತ್ತುವುದಕ್ಕೂ ಅದೇ, ಕೆಳಗಿರುವುದನ್ನು ಮೇಲಕ್ಕೆ ಎಳೆಯುವ ಚಿತ್ರ ಎರಡರಲ್ಲೂ ಇದೆ. ನಮ್ಮ ಅಸ್ಸಾಂ ಹುಡುಗ ಮೊದಲ ವರ್ಷ “ನೀರು ತಿಂದು ಬರ್ತೀನಿ” ಅನ್ನುತ್ತಿದ್ದ. ಅವನ ಕಡೆಯ ಭಾಷೆಗಳಲ್ಲಿ ಅನ್ನಕ್ಕೂ ನೀರಿಗೂ ಬೀಡಿಗೂ ಒಂದೇ ಕ್ರಿಯಾಪದ. ಭಾವನ ‘ಊಟ ತಿನ್ನು’ ಕೂಡ ಹಿಂದಿಯಿಂದ ಎತ್ತಿ ಇಟ್ಟದ್ದು.

ಕೆಲವು ಕಡೆ ಈ ಜೋಡಿ ತಪ್ಪಿದರೆ ನಗು ಬರುವುದಿಲ್ಲ, ಎದೆ ಧಸಕ್ಕೆನ್ನುತ್ತೆ. ‘ಔಷಧಿ ತಗೊಂಡ’ ಅಂದರೆ ಜ್ವರಕ್ಕೆ ಮಾತ್ರೆ ನುಂಗಿದ ಅಂತ. ‘ಔಷಧಿ ಕುಡಿದ’ ಅಂದರೆ, ತೋಟಕ್ಕೆ ಹೊಡೆಯುವ ಕ್ರಿಮಿನಾಶಕಕ್ಕೂ ಔಷಧಿ ಅನ್ನುವ ನಮ್ಮ ಹಳ್ಳಿಗಳಲ್ಲಿ ಜನ ಆಂಬುಲೆನ್ಸಿಗೆ ಫೋನ್ ಮಾಡುತ್ತಾರೆ. ನಿಘಂಟಿನಲ್ಲಿ ಔಷಧಿ ಅನ್ನುವುದಕ್ಕೆ ಅರ್ಥ ಇದೆ, ಕುಡಿ ಅನ್ನುವುದಕ್ಕೂ ಇದೆ. ಎರಡೂ ಸೇರಿದಾಗ ಏನಾಗುತ್ತೆ ಅನ್ನುವುದು ಊರಿಗೆ ಗೊತ್ತು.

## ‘ಹೊಂದಿದ್ದೇನೆ’ ಎಂಬ ಕಾಯಿಲೆ

ಎರಡನೆಯದು ವಾಕ್ಯದ ಕಟ್ಟು. ಒಂದು ಭಾಷೆಯ ಕಟ್ಟಿಗೆ ಇನ್ನೊಂದು ಭಾಷೆಯ ಪದ ತುಂಬಿದರೆ ಏನಾಗುತ್ತೆ ಅಂತ ನೋಡಬೇಕಾದರೆ ‘ಹೊಂದು’ ಒಂದು ಸಾಕು.

“ನಾನು ಎರಡು ಮಕ್ಕಳನ್ನು ಹೊಂದಿದ್ದೇನೆ.” “ನಾನು ಜ್ವರವನ್ನು ಹೊಂದಿದ್ದೇನೆ.” “ನಾನು ನೂರು ರೂಪಾಯಿ ಹೊಂದಿದ್ದೇನೆ.” ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ಹ್ಯಾವ್’ ನಡೆಯುತ್ತೆ, ಎಲ್ಲವೂ ಮನುಷ್ಯನ ಕೈಯಲ್ಲಿ ಇರುವ ವಸ್ತುವಿನ ಹಾಗೆ. ಕನ್ನಡ ಹಾಗೆ ನೋಡುವುದಿಲ್ಲ. ಮಕ್ಕಳು ನಮ್ಮ ಸ್ವತ್ತಲ್ಲ, ‘ನನಗೆ ಇಬ್ಬರು ಮಕ್ಕಳು’. ಅದರಲ್ಲೂ ಎರಡಲ್ಲ, ಇಬ್ಬರು. ಜ್ವರ ಎಲ್ಲಿಂದಲೋ ಬರುವುದು, ‘ನನಗೆ ಜ್ವರ ಬಂದಿದೆ’. ದುಡ್ಡು ಪಕ್ಕದಲ್ಲಿ ಇರುವುದು, ‘ನನ್ನ ಹತ್ರ ನೂರು ರೂಪಾಯಿ ಇದೆ’. ಇವನ್ನು ಅದಲು ಬದಲು ಮಾಡಿ “ನನ್ನ ಹತ್ರ ಇಬ್ಬರು ಮಕ್ಕಳಿದ್ದಾರೆ” ಅಂದು ನೋಡಿ, ಯಾರದೋ ಮಕ್ಕಳನ್ನು ಇಟ್ಟುಕೊಂಡ ಹಾಗಿರುತ್ತೆ.

ಹಸಿವಾಗುವುದು, ಇಷ್ಟವಾಗುವುದು, ಬೇಜಾರಾಗುವುದು, ನಾಚಿಕೆಯಾಗುವುದು, ಗೊತ್ತಿರುವುದು, ಬೇಕಿರುವುದು, ಇವೆಲ್ಲ ‘ನಾನು’ ಮಾಡುವ ಕೆಲಸಗಳಲ್ಲ, ‘ನನಗೆ’ ಆಗುವ ಸಂಗತಿಗಳು. ಕನ್ನಡದ ಅರ್ಧ ಮನಸ್ಸು ಈ ‘ಗೆ’ ಪ್ರತ್ಯಯದಲ್ಲೇ ಇದೆ ಅನ್ನಬಹುದು. ಭಾವ ‘ನಾನು ಬಯಸುತ್ತೇನೆ’ ಅಂದದ್ದಕ್ಕೆ ನಗು ಬಂದದ್ದು ಇದಕ್ಕೇ. ಹೊಟ್ಟೆ ಹಸಿದವನು ಬಯಸುತ್ತಾ ಕೂರುವುದಿಲ್ಲ. “ಹಸಿವಾಗ್ತಿದೆ” ಅನ್ನುತ್ತಾನೆ, ಇಲ್ಲ “ಊಟ ಆಗಿದ್ಯಾ ಅತ್ತೆ?” ಅಂತ ಸುತ್ತು ಬಳಸಿ ಕೇಳುತ್ತಾನೆ. ಅಳಿಯ ಆದವನು ಅದನ್ನೂ ಕೇಳದೆ ಜಗಲಿಯಲ್ಲಿ ಕೂತು ಕೆಮ್ಮುತ್ತಾನೆ.

## ಮಳೆ ಕೈ ಕೊಡ್ತು, ಮೆಣಸು ಕೈ ಹಿಡೀತು

ನುಡಿಗಟ್ಟು ಅನ್ನುವ ಪದ ಶಾಲೆಯಲ್ಲಿ ಎಲ್ಲರೂ ಕೇಳಿರುತ್ತೀರಿ, ಮೂರು ಅಂಕದ ಪ್ರಶ್ನೆ. ಬಿಡಿ ಪದಗಳ ಅರ್ಥ ಕೂಡಿಸಿದರೆ ಸಿಗದ ಅರ್ಥ ಇರುವ ಜೋಡಿ ಅದು. ನಿಜವಾದ ಜಾಗದಲ್ಲಿ ಅದು ಹೇಗೆ ಬಾಳುತ್ತೆ ಅನ್ನುವುದನ್ನು ನೋಡಬೇಕಾದರೆ ಸಂಜೆ ಕಾಫಿ ಬೆಳೆಗಾರರು ಇಬ್ಬರು ಕೂತಲ್ಲಿ ಕಿವಿ ಕೊಡಿ.

“ಈ ಸಲ ಹೂಮಳೆ ಕೈ ಕೊಡ್ತು. ಕಾಫಿ ಕೈಗೆ ಹತ್ತಲಿಲ್ಲ. ಮೆಣಸು ಕೈ ಹಿಡೀತು ಅಂತ ಬಚಾವು. ಇಲ್ದಿದ್ರೆ ತೋಟದ ಮೇಲೆ ಕೈ ಚೆಲ್ಲಿ ಕೂರ್ಬೇಕಿತ್ತು. ಬಟವಾಡೆಗೂ ಕೈ ಸಾಲ ಮಾಡಿದೀನಿ.”

ಐದು ಮಾತಿನಲ್ಲಿ ಐದು ಕೈ. ಒಂದರಲ್ಲೂ ನಿಜವಾದ ಕೈ ಇಲ್ಲ. ಕೊಟ್ಟರೆ ಮೋಸ, ಹಿಡಿದರೆ ಆಸರೆ, ಹತ್ತಿದರೆ ದಕ್ಕಿದ ಹಾಗೆ, ಚೆಲ್ಲಿದರೆ ಸೋತ ಹಾಗೆ. ‘ಕೈ ಮಾಡಿದ’ ಅಂದರೆ ಹೊಡೆದ. ಕೈ ಅನ್ನುವ ಪದ ಗೊತ್ತು, ಕೊಡು ಅನ್ನುವ ಪದ ಗೊತ್ತು ಅಂತ ಹೊರಟವನಿಗೆ ಮಳೆ ಕೈ ಕೊಟ್ಟಿತು ಅಂದರೆ ಮಳೆ ಬಂದು ಸಹಾಯ ಮಾಡಿತು ಅನ್ನಿಸುತ್ತೆ, ಅರ್ಥ ಪೂರ್ತಿ ತಿರುಗುಮುರುಗು. ಹೂಮಳೆ ಅಂದರೂ ಹೂವಿನ ಮಳೆಯಲ್ಲ, ಬೇಸಿಗೆಯಲ್ಲಿ ಕಾಫಿ ಗಿಡದ ಮೊಗ್ಗು ಅರಳುವುದಕ್ಕೆ ಬೇಕಾದ ಮಳೆ.

ಮಳೆಯ ವಿಷಯ ಬಂತು ಅಂತ ಹೇಳುತ್ತೇನೆ, ಮಲೆನಾಡಿನವರಿಗೆ ಮಳೆ ಬರೀ ‘ಬರುವುದಿಲ್ಲ’. ಅದು ಹನಿಯುತ್ತೆ, ಜಿಟಿಜಿಟಿ ಅನ್ನುತ್ತೆ, ಧೋ ಅಂತ ಸುರಿಯುತ್ತೆ, ಹುಯ್ಯುತ್ತೆ, ಹಿಡಿದುಕೊಳ್ಳುತ್ತೆ, ಆಮೇಲೆ ಹೊಳವಾಗುತ್ತೆ. ಹೊಳವು ಅಂದರೆ ಎಡೆಬಿಡದ ಮಳೆಯ ನಡುವೆ ಸಿಗುವ ಚಿಕ್ಕ ಬಿಡುವು. ವರ್ಷದಲ್ಲಿ ಹತ್ತು ದಿನ ಮಳೆ ಕಾಣುವ ಊರಿನಲ್ಲಿ ಈ ಪದದ ಅಗತ್ಯವೇ ಬೀಳುವುದಿಲ್ಲ.

## ಕ್ರಿಯಾಪದದ ಬಾಲದಲ್ಲಿ ಮನಸ್ಸು

ನನಗೆ ಅತಿ ಇಷ್ಟವಾದ ಭಾಗ ಇದು, ಸ್ವಲ್ಪ ಎಳೆಯುತ್ತೇನೆ. ಸಕಲೇಶಪುರ, ಆಲೂರು ಕಡೆ ಆನೆ ಕಾಟ ಎಲ್ಲರಿಗೂ ಗೊತ್ತು. ರಾತ್ರಿ ಆನೆ ಬಂದು ಬಾಳೆ ತಿಂದಿದೆ ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಏನು ಹೇಳುತ್ತೀರಿ?

“ಆನೆ ಬಾಳೆ ತಿಂತು” ಅಂದರೆ ಬರೀ ಸುದ್ದಿ. “ತಿಂದ್ಬಿಡ್ತು” ಅಂದರೆ ಅಯ್ಯೋ, ಆಗಬಾರದ್ದು ಆಗಿಹೋಯಿತು. “ತಿಂದಾಕ್ತು” ಅಂದರೆ ಸಿಟ್ಟು, ಏನೂ ಉಳಿಸಲಿಲ್ಲ. “ತಿಂದ್ಕೊಂಡು ಹೋಯ್ತು” ಅಂದರೆ ಹೋಗಲಿ ಬಿಡು, ಅದರ ಪಾಡಿಗೆ ಅದು ಹೊಟ್ಟೆ ತುಂಬಿಸಿಕೊಂಡಿತು. ಬಾಳೆ ಅದೇ, ಆನೆ ಅದೇ, ನಷ್ಟ ಅಷ್ಟೇ. ಬದಲಾದದ್ದು ಹೇಳುವವನ ಮನಸ್ಸು, ಅದು ಬಿಡು, ಹಾಕು, ಕೊಳ್ಳು ಅನ್ನುವ ಬಾಲಗಳಲ್ಲಿ ಕೂತಿದೆ. 

ಈಗ ಹುಡುಗನ “ಗುಡ್ಡೆ ಮಾಡ್ಬಿಡ್ಲಾ?” ಅನ್ನುವುದನ್ನು ಮತ್ತೆ ಓದಿ. “ಗುಡ್ಡೆ ಮಾಡ್ಲಾ?” ಅಂದಿದ್ದರೂ ಸಾಕಿತ್ತು. ಆ ‘ಬಿಡು’ ಬಂದದ್ದರಿಂದ ಅವಸರ ಬಂತು, ನೀವು ಹ್ಞೂಂ ಅಂದರೆ ಈಗಲೇ ಮುಗಿಸುತ್ತೇನೆ ಅನ್ನುವ ಭರವಸೆ ಬಂತು. ಹೋಯ್ತು, ಹೋದರು ಅನ್ನುವುದು ಸರಿಯಾಗಿ ಬರದವನಿಗೆ ಇದು ಬಂದಿದೆ.

‘ಅಂತೆ’ ಕೂಡ ಇದೇ ಜಾತಿ. “ಆನೆ ಬಂದಿದೆ” ಅಂದರೆ ಕಂಡವನ ಮಾತು. “ಆನೆ ಬಂದಿದೆಯಂತೆ” ಅಂದರೆ ಕೇಳಿದವನ ಮಾತು. ಕಾಣದೆ ‘ಬಂದಿದೆ’ ಅಂದರೆ “ನೀನು ನೋಡ್ದ್ಯಾ?” ಅನ್ನುವ ಪ್ರಶ್ನೆ ತಕ್ಷಣ ಬೀಳುತ್ತೆ.

ಇನ್ನು ಕಾಫಿ-ಗೀಫಿ. ಮೊದಲ ಅಕ್ಷರ ತೆಗೆದು, ಅದು ಗಿಡ್ಡವಾಗಿದ್ದರೆ ಗಿ, ಉದ್ದವಾಗಿದ್ದರೆ ಗೀ ಹಾಕಿದರೆ ‘ಅಂಥದ್ದೇನಾದರೂ’ ಅನ್ನುವ ಅರ್ಥ. ಮಳೆ-ಗಿಳೆ, ಊಟ-ಗೀಟ, ದುಡ್ಡು-ಗಿಡ್ಡು. ನಿನ್ನೆ ಬಂದ ಪದಕ್ಕೂ ಇದು ನಡೆಯುತ್ತೆ, ಪಾಸ್‌ವರ್ಡು-ಗೀಸ್‌ವರ್ಡು ಅಂತ ನಮ್ಮ ಚಿಕ್ಕಪ್ಪ ಬೈಯುವುದನ್ನು ನಾನೇ ಕೇಳಿದ್ದೇನೆ. ಈ ನಿಯಮವನ್ನು ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ. ಆದರೂ ತಪ್ಪುವುದಿಲ್ಲ.

## ಯಾರಿಗೆ, ಯಾವಾಗ, ಎಷ್ಟು

1960ರ ದಶಕದಲ್ಲಿ ಅಮೆರಿಕದ ಡೆಲ್ ಹೈಮ್ಸ್ ಅನ್ನುವವರು ಒಂದು ವಾದ ಮುಂದಿಟ್ಟರು. ಮಗು ಕಲಿಯುವುದು ಬರೀ ವಾಕ್ಯ ಕಟ್ಟುವುದನ್ನಲ್ಲ, ಯಾವಾಗ ಮಾತಾಡಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು, ಯಾರ ಹತ್ತಿರ ಏನನ್ನು ಹೇಗೆ ಹೇಳಬೇಕು ಅನ್ನುವುದನ್ನೂ ಅಂತ.

ಭಾವ ಪ್ರತಿ ಲೋಟ ನೀರಿಗೂ ಚಿಕ್ಕಮ್ಮನಿಗೆ ಧನ್ಯವಾದ ಹೇಳುತ್ತಿದ್ದರು. ಎರಡನೇ ದಿನ ಚಿಕ್ಕಮ್ಮ ನನ್ನನ್ನು ಪಕ್ಕಕ್ಕೆ ಕರೆದು, “ಅಳಿಯಂದ್ರು ಯಾಕೋ ಹೊರಗಿನೋರ ಥರ ಆಡ್ತಾರಲ್ಲ, ನನ್ನಿಂದ ಏನಾದ್ರೂ ತಪ್ಪಾಯ್ತಾ?” ಅಂತ ಕೇಳಿದರು. ಧನ್ಯವಾದ ವೇದಿಕೆಯ ಪದ, ಅರ್ಜಿಯ ಪದ. ಮನೆಯೊಳಗೆ ಬಂದರೆ ನಡುವೆ ಒಂದು ಗೋಡೆ ಎದ್ದ ಹಾಗೆ ಆಗುತ್ತೆ. ದಯವಿಟ್ಟು ಅನ್ನುವುದಂತೂ ಮನೆಯಲ್ಲಿ ಸಿಟ್ಟು ಬಂದಾಗ ಮಾತ್ರ ಬರುವ ಪದ: “ದಯವಿಟ್ಟು ಸುಮ್ನಿರ್ತೀಯಾ?” ಹಾಗಂತ ನಾವು ಒರಟರೇನಲ್ಲ. ನಮ್ಮ ವಿನಯ ಬೇರೆ ಕಡೆ ಇದೆ. “ಸ್ವಲ್ಪ ನೀರು ಕೊಡಿ” ಅನ್ನುವಾಗ ಆ ಸ್ವಲ್ಪ ನೀರಿನ ಅಳತೆಯಲ್ಲ, ತುಂಬಿದ ಚೊಂಬೇ ಬಂದರೂ ಕುಡಿಯುತ್ತೇವೆ. ಹಾಸನದ ಬಸ್ಸಿನಲ್ಲಿ ಕಂಡಕ್ಟರು “ಅಕ್ಕ, ಸ್ವಲ್ಪ ಒಳಗೆ ಹೋಗಿ” ಅನ್ನುವುದರಲ್ಲಿ ಅಕ್ಕ ಇದೆ, ಸ್ವಲ್ಪ ಇದೆ, ಬಹುವಚನ ಇದೆ, ಇನ್ನು ದಯವಿಟ್ಟು ಯಾಕೆ?

“ಊಟ ಆಯ್ತಾ?” ಪ್ರಶ್ನೆಯಲ್ಲ, ನಮಸ್ಕಾರ. “ಕಾಫಿ ಕುಡೀತೀರಾ?” ಅಂದಾಗ ಮೊದಲ ಬೇಡ ಬೇಡ ಅಲ್ಲ. “ನೋಡೋಣ” ಅಂದರೆ ಬಹುತೇಕ ಇಲ್ಲ ಅಂತ. ಹೊರಟವರನ್ನು “ಎಲ್ಲಿಗೆ?” ಅಂತ ಹಿರಿಯರು ಕೇಳುವುದಿಲ್ಲ, ಅಪಶಕುನ ಅಂತ, “ದೂರ ಹೊರಟ್ರಾ?” ಅನ್ನುತ್ತಾರೆ. ಹಿರಿಯರು ಸತ್ತರು ಅನ್ನುವುದಿಲ್ಲ, ತೀರಿಕೊಂಡರು. ಒಂದು ಸಲ ಊಟ ತಂದುಕೊಡುವ ಆ್ಯಪ್ ನನಗೆ “ನಿಮ್ಮ ಊಟವನ್ನು ಆನಂದಿಸಿ” ಅಂತ ಕಳಿಸಿತ್ತು. ಮದುವೆ ಮನೆಯಲ್ಲಿ ಪಂಕ್ತಿಯ ನಡುವೆ ಓಡಾಡುವ ಯಜಮಾನರು ಅದೇ ಪ್ರೀತಿಯನ್ನು “ನಿಧಾನಕ್ಕೆ ಊಟ ಮಾಡಿ” ಅಂತ ಹೇಳುತ್ತಾರೆ.

## ಹಾಗಾದರೆ ಯಾವ ಕನ್ನಡ ಸಹಜ?

ಅರಸೀಕೆರೆಯಲ್ಲಿ ಬಸ್ ಹತ್ತಿ ಶೃಂಗೇರಿಯಲ್ಲಿ ಇಳಿಯಿರಿ. ಹತ್ತುವಾಗ ‘ಐತೆ’, ನಡುವೆ ಚಿಕ್ಕಮಗಳೂರಲ್ಲಿ ‘ಇದೆ’, ಇಳಿಯುವಾಗ ‘ಉಂಟು’. ಅಲ್ಲಿ “ಏನ್ಲಾ?”, ಇಲ್ಲಿ “ಎಂತ ಮಾರಾಯ?” ಯಾವುದು ಸರಿ ಅಂತ ಕೇಳಿದರೆ ಯಾವ ಊರಲ್ಲಿ ನಿಂತಿದ್ದೀರಿ ಅಂತ ಕೇಳಬೇಕಾಗುತ್ತೆ. ಸಹಜ ಅನ್ನುವುದಕ್ಕೆ ಒಂದೇ ಅಚ್ಚು ಇಲ್ಲ.

ಅಚ್ಚಗನ್ನಡವೇ ಸಹಜ ಅನ್ನುವುದೂ ನಿಲ್ಲುವುದಿಲ್ಲ. “ಕರೆಂಟ್ ಹೋಯ್ತು” ಪೂರ್ತಿ ಸಹಜ ಕನ್ನಡ, ಕರೆಂಟ್ ಎಲ್ಲಿಂದ ಬಂದರೇನು. ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು), ಗೇಟು, ಲೈನ್ ಮನೆ (ಆಳುಗಳ ಸಾಲುಮನೆ) ಇಲ್ಲದೆ ದಿನ ಸಾಗುವುದಿಲ್ಲ. ಹೊರಗಿನ ಪದ ಬಂದ ಮೇಲೆ ಅದಕ್ಕೆ ನಾವು ಯಾವ ಕ್ರಿಯಾಪದ ಕಟ್ಟುತ್ತೇವೆ ಅನ್ನುವುದರಲ್ಲಿ ಕನ್ನಡತನ ಇದೆ: ಫೋನ್ ಎತ್ತುತ್ತೇವೆ, ಇಡುತ್ತೇವೆ, ಚಾರ್ಜಿಗೆ ಹಾಕುತ್ತೇವೆ, ಡೀಸೆಲ್ ಹಾಕಿಸುತ್ತೇವೆ, ನೆಟ್‌ವರ್ಕ್ ಸಿಗುತ್ತೆ, ಸಿಗಲ್ಲ.

ಬರವಣಿಗೆಯ ಕನ್ನಡ ಬೇರೆ, ಆಡುವ ಕನ್ನಡ ಬೇರೆ ಅನ್ನುವುದೂ ಹೊಸದಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಕ್ರಿ.ಶ. ಸುಮಾರು 450ರದು ಅನ್ನುವ ಶಾಸನ ಇದೆಯಲ್ಲ, ಹದಿನಾರು ಸಾಲಿನದು, ಅದರಲ್ಲೇ ಉದ್ದುದ್ದ ಸಂಸ್ಕೃತ ಸಮಾಸಗಳು ತುಂಬಿವೆ. ಆಗ ಹಲ್ಮಿಡಿಯ ರೈತ ಮನೆಯಲ್ಲಿ ಹಾಗೆ ಮಾತಾಡಿರಲಾರ. ಕಲ್ಲಿಗೆ ಒಂದು ಹದ, ಕಟ್ಟೆಗೆ ಒಂದು ಹದ. ಎರಡನ್ನೂ ಬೆರೆಸುವ ಬಗ್ಗೆ ಕವಿರಾಜಮಾರ್ಗದಲ್ಲಿ ಒಂದು ಎಚ್ಚರಿಕೆ ಇದೆ: ಸಮಾಸದಲ್ಲಿ ಸಂಸ್ಕೃತ, ಕನ್ನಡಗಳನ್ನು ತಿಳಿಯದೆ ಕಲೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ.

## ಮೊಬೈಲ್ ಎಡವುವುದು ಎಲ್ಲಿ

ಗೂಗಲ್ ಟ್ರಾನ್ಸ್‌ಲೇಟಿಗೆ ಕನ್ನಡ ಬಂದದ್ದು 2011ರಲ್ಲಿ. ಆಮೇಲೆ ಇಂಥ ಎಷ್ಟೋ ಯಂತ್ರಗಳು ಬಂದಿವೆ. ಈಗಿನವು ಕಲಿಯುವ ರೀತಿ ಫರ್ತ್ ಹೇಳಿದ ಹಾಗೇ ಇದೆ, ರಾಶಿ ರಾಶಿ ಬರಹ ಓದಿ ಯಾವ ಪದದ ಪಕ್ಕ ಯಾವ ಪದ ಬರುತ್ತೆ ಅಂತ ಲೆಕ್ಕ ಇಡುವುದು. ಹಾಗಾದರೆ ಹದ ಸಿಗಬೇಕಲ್ಲ?

ತೊಂದರೆ ಓದಿಗೆ ಸಿಗುವ ರಾಶಿಯಲ್ಲಿದೆ. 2011ರ ಜನಗಣತಿ ಪ್ರಕಾರ ಕನ್ನಡ ತಾಯ್ನುಡಿಯವರು ಸುಮಾರು 4 ಕೋಟಿ 37 ಲಕ್ಷ. ಆದರೆ ಇಷ್ಟು ಜನ ದಿನವಿಡೀ ಆಡುವ ಮಾತು ಅಕ್ಷರಕ್ಕೆ ಇಳಿಯುವುದೇ ಕಮ್ಮಿ. ಅಕ್ಷರದಲ್ಲಿ ಇರುವುದು ಸುದ್ದಿ, ಆದೇಶ, ಪ್ರಕಟಣೆ, ಇಂಗ್ಲಿಷಿನಿಂದ ಇಳಿಸಿದ ಜಾಹೀರಾತು. ಚಿಕ್ಕಮ್ಮನ ಅಡುಗೆಮನೆಯಾಗಲಿ, ಬೆಳೆಗಾರರ ಸಂಜೆ ಕಟ್ಟೆಯಾಗಲಿ ಅಲ್ಲಿಲ್ಲ. ಇದ್ದರೂ ‘ಹೋಗ್ಬರ್ತೀನಿ’ ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ‘ಹೊಂದಿದ್ದೇನೆ’ ಸಾವಿರ ಸಲ ಓದಿದ ಯಂತ್ರ ಅದನ್ನೇ ಸಹಜ ಅಂದುಕೊಳ್ಳುತ್ತೆ. ಅದು ಬರೆದದ್ದನ್ನು ನಾವು ಓದುತ್ತೇವೆ, ನಮ್ಮ ಮಕ್ಕಳು ಅದನ್ನೇ ಪ್ರಬಂಧದಲ್ಲಿ ಬರೆಯುತ್ತಾರೆ, ಅದನ್ನು ಮುಂದಿನ ಯಂತ್ರ ಓದುತ್ತೆ.

ಒಂದು ವಾಕ್ಯ ಹದವಾಗಿದೆಯಾ ಅಂತ ನೋಡುವುದಕ್ಕೆ ನಾನು ಮಾಡುವುದು ಇಷ್ಟೆ. ಅದನ್ನು ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳುತ್ತಿದ್ದೇನೆ ಅಂದುಕೊಂಡು ಗಟ್ಟಿಯಾಗಿ ಓದುತ್ತೇನೆ. ಅವರು “ಹ್ಞಾಂ?” ಅನ್ನುವ ಜಾಗ ತಾನಾಗೇ ಗೊತ್ತಾಗುತ್ತೆ.

## ಇಲ್ಲೇ ಹುಟ್ಟಿರಬೇಕಾ?

ಬೇಕಿಲ್ಲ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಬೇಂದ್ರೆಯವರಿಗೆ 1973ರ, ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂದದ್ದು ಕನ್ನಡದ ಬರಹಕ್ಕೆ. ನಮ್ಮ ಜಿಲ್ಲೆಗಳಲ್ಲೇ ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಬ್ಯಾರಿ, ಲಂಬಾಣಿ ಆಡಿ ಬೀದಿಯಲ್ಲಿ ನಮಗಿಂತ ಚೆನ್ನಾಗಿ ಕನ್ನಡದಲ್ಲಿ ಬೈಯಬಲ್ಲವರು ಎಷ್ಟು ಜನ ಬೇಕು? ಬೇಕಾದದ್ದು ಕಿವಿ, ಮತ್ತು ಆ ಕಿವಿಯನ್ನು ಮಾತಿನ ಮಧ್ಯೆ ಇಟ್ಟುಕೊಂಡು ಕಳೆದ ಕಾಲ. ಹುಡುಗ ಮೂರು ವರ್ಷ ಮೇಸ್ತ್ರಿಯ ಬೈಗುಳ ಕೇಳಿದ್ದಾನೆ, ಬಟವಾಡೆ ದಿನ ಸಂತೆಯಲ್ಲಿ ಚೌಕಾಸಿ ಮಾಡಿದ್ದಾನೆ, ಹೆಂಗಸರ ಹರಟೆಯ ಪಕ್ಕದಲ್ಲಿ ಹಣ್ಣು ಕುಯ್ದಿದ್ದಾನೆ. ಅವನಿಗೆ ತುಂಡು ತುಂಡು ಮಾತೇ ಸಿಕ್ಕಿದೆ, ‘ಮಳೆ ಬರೋ ಹಂಗಿದೆ’ ಅವನಿಗೆ ಒಂದೇ ಪದ. ಭಾವನಿಗೆ ಸಿಕ್ಕಿದ್ದು ಪದಪಟ್ಟಿ ಮತ್ತು ವಿಭಕ್ತಿ ಕೋಷ್ಟಕ. ಅವೂ ಬೇಕು, ಓದಲು ಬರೆಯಲು ಭಾವನೇ ಮುಂದೆ.

ಭಾನುವಾರ ಭಾವ ಹೊರಟರು. ಬ್ಯಾಗ್ ಹಿಡಿದು ಮೆಟ್ಟಿಲ ಮೇಲೆ ನಿಂತು, “ಅತ್ತೆ, ನಾನು ಹೋಗುತ್ತೇನೆ” ಅಂದರು. ಚಿಕ್ಕಮ್ಮನ ಮುಖ ಸ್ವಲ್ಪ ಸಣ್ಣಗಾಯಿತು. ಕಾರಿಗೆ ಸಾಮಾನು ತುಂಬುತ್ತಿದ್ದ ಹುಡುಗ ಅಲ್ಲಿಂದಲೇ ಹಿಂದಿಯಲ್ಲಿ ಕೂಗಿ ಹೇಳಿದ, ಬರೀ ಹೋಗ್ತೀನಿ ಅನ್ನಬಾರದು ಸಾರ್, ಇಲ್ಲಿ ಹೋಗೋರೆಲ್ಲ ‘ಹೋಗ್ಬರ್ತೀನಿ’ ಅಂತಾರೆ. ಭಾವ ತಿದ್ದಿಕೊಂಡು, “ಅತ್ತೆ, ಹೋಗಿ ಬರ್ತೀನಿ” ಅಂದರು.

“ಹ್ಞೂಂ, ಹೋಗ್ಬನ್ನಿ” ಅಂದರು ಚಿಕ್ಕಮ್ಮ.

ಐದೇ ನಿಮಿಷಕ್ಕೆ ಕಾರು ವಾಪಸ್ ಬಂತು. ಚಾರ್ಜರ್ ಮರೆತಿದ್ದರಂತೆ.